ವೈದ್ಯಕೀಯ ಸಂಸ್ಥೆಗಳ ನೋಂದಣಿ ಸಂಖ್ಯೆ: ಉದ್ದಿಮೆದಾರರು ಪರಿಶೀಲಿಸಬೇಕಾದ ಬಗೆ

ಹೊಸ ಸರಬರಾಜುದಾರರ ಬಿಲ್ಲು ಕೈಸೇರಿದೊಡನೆ ಅದರ ಮೇಲಿನ ಜಿ.ಎಸ್.ಟಿ. ಸಂಖ್ಯೆಯನ್ನು ಜಾಲತಾಣದಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದು ಇಂದು ಚಿಕ್ಕ ಘಟಕಗಳ ಲೆಕ್ಕಪತ್ರ ವಿಭಾಗದಲ್ಲಿಯೂ ರೂಢಿಯಾಗಿದೆ. ಹಾಗೆ ಮಾಡದಿದ್ದಲ್ಲಿ ಹೂಡುವಳಿ ತೆರಿಗೆ ಜಮೆ ಕೈತಪ್ಪುವುದೆಂಬ ಭಯವೇ ಈ ಶಿಸ್ತಿಗೆ ಕಾರಣ. ಆದರೆ ಅದೇ ಮೇಜಿಗೆ ಆಸ್ಪತ್ರೆಯ ಬಿಲ್ಲೋ, ಕಾರ್ಮಿಕರ ರಜಾ ಅರ್ಜಿಗೆ ಲಗತ್ತಿಸಿದ ವೈದ್ಯಕೀಯ ಪ್ರಮಾಣಪತ್ರವೋ ಬಂದಾಗ ಈ ಶಿಸ್ತು ಮಾಯವಾಗುತ್ತದೆ. ಚಿಕಿತ್ಸಾ ಸೇವೆಗೆ ಬಹುಮಟ್ಟಿಗೆ ಜಿ.ಎಸ್.ಟಿ. ವಿನಾಯಿತಿ ಇರುವುದರಿಂದ ಸಣ್ಣ ದವಾಖಾನೆಯ ಬಿಲ್ಲಿನಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ. ಬೇರೆ ಯಾವ ಸಂಖ್ಯೆಯನ್ನು ನೋಡಬೇಕೆಂಬುದು ತಿಳಿಯದೆ, ಮೊಹರು ಮತ್ತು ಸಹಿ ಇದ್ದರೆ ಸಾಕೆಂದು ಕಾಗದವನ್ನು ಕಡತಕ್ಕೆ ಸೇರಿಸಲಾಗುತ್ತದೆ.

ಹಾರೋಹಳ್ಳಿಯಂತಹ ಕೈಗಾರಿಕಾ ಪ್ರದೇಶದಲ್ಲಿ ಈ ಅಲಕ್ಷ್ಯಕ್ಕೆ ತೆರಬೇಕಾದ ಬೆಲೆ ಹೆಚ್ಚು. ಬೆಂಗಳೂರು-ಕನಕಪುರ ಹೆದ್ದಾರಿಯ ಬದಿಯಲ್ಲಿ ಕೆ.ಐ.ಎ.ಡಿ.ಬಿ. ಹಲವು ಹಂತಗಳಲ್ಲಿ ಅಭಿವೃದ್ಧಿಪಡಿಸಿದ ಈ ಪ್ರದೇಶದಲ್ಲಿ ರಾತ್ರಿ ಪಾಳಿಯಲ್ಲಿ ಕೈಗೆ ಪೆಟ್ಟಾದ ಕೆಲಸಗಾರರನ್ನು ಯಾರೂ ಸಂಖ್ಯೆ ನೋಡಿ ಆಸ್ಪತ್ರೆಗೆ ಸೇರಿಸುವುದಿಲ್ಲ. ಬಾಗಿಲು ತೆರೆದಿರುವ ಹತ್ತಿರದ ಸ್ಥಳಕ್ಕೆ ಒಯ್ಯುತ್ತಾರೆ. ಅದು ಸರಿಯೂ ಹೌದು. ಆದುದರಿಂದಲೇ ಪರಿಶೀಲನೆಯು ಅಪಘಾತಕ್ಕೆ ಮುಂಚೆಯೇ ಮುಗಿದಿರಬೇಕು.

ವೈದ್ಯರ ಸಂಖ್ಯೆ ಬೇರೆ, ಸಂಸ್ಥೆಯ ಸಂಖ್ಯೆ ಬೇರೆ

ಅಮೆರಿಕದಲ್ಲಿ ವೈದ್ಯರಿಗೂ ಆಸ್ಪತ್ರೆಗೂ ಒಂದೇ ಮಾದರಿಯ 10 ಅಂಕಿಗಳ ರಾಷ್ಟ್ರೀಯ ಗುರುತಿನ ಸಂಖ್ಯೆಯನ್ನು 2005ರಿಂದ ನೀಡಲಾಗುತ್ತಿದ್ದು, ಅದನ್ನು ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದಾಗಿದೆ. ಆ ಸಂಖ್ಯೆ ದೊರೆತ ಮಾತ್ರಕ್ಕೆ ವೈದ್ಯರಿಗೆ ಪರವಾನಗಿ ಇದೆಯೆಂದು ಅಲ್ಲಿಯೂ ಅರ್ಥವಲ್ಲ. ನಮ್ಮಲ್ಲಿ ಅಂತಹ ಒಂದೇ ಸಂಖ್ಯೆಯಿಲ್ಲ. ಒಂದೊಂದು ಪ್ರಾಧಿಕಾರವು ತನ್ನ ಉದ್ದೇಶಕ್ಕೆ ತಕ್ಕಂತೆ ಒಂದೊಂದು ಸಂಖ್ಯೆಯನ್ನು ನೀಡುತ್ತದೆ. ಒಂದರ ಬದಲು ಇನ್ನೊಂದನ್ನು ಒಪ್ಪಿಕೊಂಡಲ್ಲಿಯೇ ತೊಡಕು ಆರಂಭವಾಗುತ್ತದೆ.

ಮೊದಲನೆಯದು ವೈದ್ಯರ ವೈಯಕ್ತಿಕ ನೋಂದಣಿ. ಅಲೋಪಥಿ ವೈದ್ಯರಿಗೆ ಇದನ್ನು ಕರ್ನಾಟಕ ವೈದ್ಯಕೀಯ ಪರಿಷತ್ತು ಅಥವಾ ಇತರ ರಾಜ್ಯದ ಪರಿಷತ್ತು ನೀಡುತ್ತದೆ. ದಂತವೈದ್ಯರು, ಆಯುರ್ವೇದ ಮತ್ತು ಯುನಾನಿ ವೈದ್ಯರು ಹಾಗೂ ಹೋಮಿಯೋಪಥಿ ವೈದ್ಯರಿಗೆ ಪ್ರತ್ಯೇಕ ಮಂಡಳಿಗಳಿವೆ. 2002ರ ವೃತ್ತಿ ನಡತೆಯ ನಿಯಮಾವಳಿಯ ಪ್ರಕಾರ ಅಲೋಪಥಿ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿ ಪ್ರದರ್ಶಿಸಬೇಕಲ್ಲದೆ ಔಷಧ ಚೀಟಿ, ಪ್ರಮಾಣಪತ್ರ ಮತ್ತು ಹಣದ ರಸೀದಿ ಇವೆಲ್ಲವುಗಳ ಮೇಲೆ ನಮೂದಿಸಬೇಕು. 2023ರ ಆಗಸ್ಟ್‌ನಲ್ಲಿ ಹೊರಬಂದ ಹೊಸ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿದುದರಿಂದ 2002ರ ನಿಯಮಗಳೇ ಮತ್ತೆ ಅನ್ವಯವಾದವು. ಹೀಗಾಗಿ ಸಂಖ್ಯೆಯಿಲ್ಲದ ಪ್ರಮಾಣಪತ್ರವನ್ನು ಹಿಂದಿರುಗಿಸಿ, ಸಂಖ್ಯೆ ಬರೆಸಿಕೊಂಡು ಬರಲು ತಿಳಿಸುವುದರಲ್ಲಿ ಯಾವ ಸಂಕೋಚವೂ ಬೇಕಿಲ್ಲ.

ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ದೊರೆಯುವ ವೈದ್ಯರ ರಿಜಿಸ್ಟರಿನಲ್ಲಿ ಹುಡುಕುವಾಗ ಸಂಖ್ಯೆಯೊಂದನ್ನೇ ಹಾಕಿದರೆ ಸಾಲದು. ಒಂದೇ ಸಂಖ್ಯೆ ಬೇರೆ ಬೇರೆ ರಾಜ್ಯಗಳ ಪರಿಷತ್ತುಗಳಲ್ಲಿ ಬೇರೆ ಬೇರೆ ವೈದ್ಯರಿಗೆ ಇರಬಹುದಾದ್ದರಿಂದ ಪರಿಷತ್ತಿನ ಹೆಸರು ಮತ್ತು ನೋಂದಣಿಯ ವರ್ಷ ಎರಡೂ ತಾಳೆಯಾಗಬೇಕು. ಹೆಸರಿನಿಂದ ಹುಡುಕುವವರಿಗೆ ನಮ್ಮ ಇನಿಷಿಯಲ್ಲುಗಳೇ ದೊಡ್ಡ ಕಂಟಕ. ಮೊಹರಿನಲ್ಲಿ ಹೆಸರಿನ ಮುಂದಿರುವ ಅಕ್ಷರ ರಿಜಿಸ್ಟರಿನಲ್ಲಿ ಹೆಸರಿನ ಹಿಂದೆ ಇರಬಹುದು. ತಂದೆಯ ಅಥವಾ ಊರಿನ ಹೆಸರು ಪೂರ್ಣವಾಗಿ ಇರಬಹುದು. ವೈದ್ಯೆಯರ ಹೆಸರು ವಿವಾಹಪೂರ್ವದ್ದಾಗಿರಬಹುದು. ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಹೆಚ್ಚು ಕಡಿಮೆಯಾದರೂ ಫಲಿತಾಂಶ ಶೂನ್ಯ. 2024ರ ಆಗಸ್ಟ್‌ನಲ್ಲಿ ಆರಂಭವಾದ ಆಧಾರ್ ಜೋಡಣೆಯ ಹೊಸ ರಾಷ್ಟ್ರೀಯ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರು ಕಾಣಲಿಲ್ಲವೆಂಬ ಒಂದೇ ಕಾರಣಕ್ಕೆ ವೈದ್ಯರು ನಕಲಿಯೆಂದು ತೀರ್ಮಾನಿಸುವುದು ಅನ್ಯಾಯ.

ಎರಡನೆಯದು ಸಂಸ್ಥೆಯ ನೋಂದಣಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅನ್ವಯ ಖಾಸಗಿ ದವಾಖಾನೆ, ಪ್ರಯೋಗಾಲಯ, ನರ್ಸಿಂಗ್ ಹೋಮ್ ಮತ್ತು ಆಸ್ಪತ್ರೆಗಳು ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಜಿಲ್ಲಾಧಿಕಾರಿಗಳು ಇದರ ಅಧ್ಯಕ್ಷರು, ಜಿಲ್ಲಾ ಆರೋಗ್ಯ ಅಧಿಕಾರಿಗಳು ಸದಸ್ಯ ಕಾರ್ಯದರ್ಶಿಗಳು. ನೋಂದಣಿಯ ಅವಧಿ 5 ವರ್ಷ. ವ್ಯವಹಾರದಲ್ಲಿ ಇದನ್ನು ಕೆ.ಪಿ.ಎಂ.ಇ. ಸಂಖ್ಯೆಯೆಂದೇ ಕರೆಯುವರು. ನಕಲಿ ವೈದ್ಯರ ಹಾವಳಿಯನ್ನು ತಡೆಯುವ ಸಲುವಾಗಿ 2024ರಲ್ಲಿ ರಾಜ್ಯ ಸರ್ಕಾರವು ಈ ಸಂಖ್ಯೆಯನ್ನು ಸಂಸ್ಥೆಯ ಹಾಗೂ ಮಾಲೀಕರ ಹೆಸರಿನೊಂದಿಗೆ ನಾಮಫಲಕದಲ್ಲಿ ಪ್ರದರ್ಶಿಸಬೇಕೆಂದೂ, ಅಲೋಪಥಿಗೆ ತಿಳಿನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣದ ಫಲಕವಿರಬೇಕೆಂದೂ ಆದೇಶಿಸಿತು. ಸರ್ಕಾರಿ ಆಸ್ಪತ್ರೆಗಳು ಈ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅವುಗಳ ಪ್ರಮಾಣಪತ್ರದಲ್ಲಿ ಈ ಸಂಖ್ಯೆಯನ್ನು ಅಪೇಕ್ಷಿಸಬಾರದು.

ಹಾರೋಹಳ್ಳಿಯಲ್ಲಿ ವಿಳಾಸದ ತೊಡಕೊಂದು ವಿಶೇಷವಾಗಿ ಉಂಟು. 2007ರವರೆಗೆ ಈ ಪ್ರದೇಶ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿತ್ತು. ಅನಂತರ ರಾಮನಗರ ಜಿಲ್ಲೆಗೆ ಸೇರಿತು. ಕನಕಪುರ ತಾಲ್ಲೂಕಿನ ಹೋಬಳಿಯಾಗಿದ್ದುದು ಮುಂದೆ ತಾನೇ ತಾಲ್ಲೂಕಾಯಿತು. 2025ರ ಮೇ ತಿಂಗಳಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾಯಿತು. ಆದುದರಿಂದ ಬಿಲ್ಲಿನಲ್ಲಿ ಒಂದು ಜಿಲ್ಲೆ, ಪ್ರಮಾಣಪತ್ರದಲ್ಲಿ ಇನ್ನೊಂದು ಇದ್ದಾಕ್ಷಣ ಅನುಮಾನ ಪಡುವ ಅಗತ್ಯವಿಲ್ಲ. ಹಳೆಯ ಹೆಸರಿನಲ್ಲಿಯೂ ಹುಡುಕಿ ನೋಡತಕ್ಕದ್ದು. ಹಾಗಲ್ಲದೆ, ಬೆಂಗಳೂರಿನ ಮುಖ್ಯ ಆಸ್ಪತ್ರೆಯ ಸಂಖ್ಯೆಯನ್ನು ಇಲ್ಲಿನ ಶಾಖೆಯ ಬಿಲ್ಲಿನ ಮೇಲೆ ಮುದ್ರಿಸಿದ್ದರೆ ಶಾಖೆಯ ಪ್ರಮಾಣಪತ್ರವನ್ನೇ ಕೇಳಿ ಪಡೆಯುವುದು ಲೇಸು.

ಸಂಖ್ಯೆ ಅಸಲಿ, ಆದರೂ ಕ್ಲೇಮು ನಷ್ಟ

ಲೆಕ್ಕಿಗರು ಹೆಚ್ಚು ಗಮನ ಹರಿಸಬೇಕಾದುದು ಇಲ್ಲಿ. ಇ.ಎಸ್.ಐ. ವೇತನ ಮಿತಿಯನ್ನು ಮೀರಿದ ಮೇಲ್ವಿಚಾರಕರೊಬ್ಬರಿಗೆ ಘಟಕವು ಗುಂಪು ಆರೋಗ್ಯ ವಿಮೆ ಮಾಡಿಸಿದೆಯೆಂದು ಭಾವಿಸೋಣ. ಪ್ರೆಸ್‌ನಲ್ಲಿ ಬೆರಳು ಜಜ್ಜಿ ಹತ್ತಿರದ ಸ್ಥಳದಲ್ಲಿ ಎರಡು ದಿನ ದಾಖಲಾದರು, ಬಿಲ್ಲು ರೂ. 38,000. ವೈದ್ಯರು ಅಸಲಿ, ಕೆ.ಪಿ.ಎಂ.ಇ. ಸಂಖ್ಯೆಯೂ ಅಸಲಿ. ಆದರೆ ಆ ಸಂಖ್ಯೆ ಹೊರರೋಗಿ ದವಾಖಾನೆಯದು, ಆಸ್ಪತ್ರೆಯದಲ್ಲ. ವಿಮಾ ಪಾಲಿಸಿಯಲ್ಲಿ ‘ಆಸ್ಪತ್ರೆ’ ಎಂಬ ಪದಕ್ಕೆ ನಿಗದಿತ ವ್ಯಾಖ್ಯೆಯಿದೆ: ಅನ್ವಯವಾಗುವ ಕಾಯಿದೆಯಡಿ ಆಸ್ಪತ್ರೆಯೆಂದು ನೋಂದಣಿಯಾಗಿರಬೇಕು, ಇಲ್ಲವೇ ಕನಿಷ್ಠ ಷರತ್ತುಗಳನ್ನು ಪೂರೈಸಿರಬೇಕು. 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ ಕನಿಷ್ಠ 10 ಒಳರೋಗಿ ಹಾಸಿಗೆ, ಇತರೆಡೆ 15. ಹಗಲಿರುಳು ಅರ್ಹ ದಾದಿಯರು ಹಾಗೂ ವೈದ್ಯರು. ಸುಸಜ್ಜಿತ ಶಸ್ತ್ರಚಿಕಿತ್ಸಾ ಕೊಠಡಿ. ರೋಗಿಗಳ ದೈನಂದಿನ ದಾಖಲೆ. ಇವು ಇಲ್ಲದಿದ್ದರೆ ಕ್ಲೇಮು ತಿರಸ್ಕೃತವಾಗುವ ಸಂಭವವೇ ಅಧಿಕ. ಆ ಹಣವನ್ನು ಘಟಕ ಭರಿಸಬೇಕು, ಇಲ್ಲವೇ ಗಾಯಗೊಂಡವರೇ ಸಾಲ ಮಾಡಬೇಕು. ಸಂಖ್ಯೆಯ ಜೊತೆಗೆ ನೋಂದಣಿಯ ವರ್ಗ, ಹಾಸಿಗೆಗಳ ಸಂಖ್ಯೆ, ಅವಧಿ ಮುಗಿಯುವ ದಿನ ಇವನ್ನೂ ಓದಬೇಕೆನ್ನುವುದು ಇದಕ್ಕಾಗಿಯೇ.

ವಿಮೆಗೆ ಸಂಬಂಧಿಸಿದ ಇನ್ನೊಂದು ಸಂಖ್ಯೆ ‘ರೋಹಿಣಿ’. ಹೈದರಾಬಾದಿನ ವಿಮಾ ಮಾಹಿತಿ ಸಂಸ್ಥೆಯು ಆಸ್ಪತ್ರೆಗಳಿಗೆ ನೀಡುವ ಈ ಸಂಖ್ಯೆ 13 ಅಂಕಿಗಳದ್ದು. ತಮ್ಮ ಸರಕಿಗೆ ಬಾರ್‌ಕೋಡ್ ಪಡೆದ ತಯಾರಕರಿಗೆ ಅದರ ಆರಂಭದ 890 ಅಪರಿಚಿತವಲ್ಲ. ರೋಹಿಣಿ ಸಂಖ್ಯೆಯಿದ್ದರೆ ಆಸ್ಪತ್ರೆಯನ್ನು ಗುರುತಿಸಬಹುದು, ಅಷ್ಟೇ. ಅದು ನಿಮ್ಮ ವಿಮಾ ಕಂಪನಿಯ ಜಾಲದಲ್ಲಿದೆಯೆಂದು ಅರ್ಥವಲ್ಲ. ಅದಕ್ಕೆ ಕಂಪನಿಯ ಪಟ್ಟಿಯನ್ನೇ ನೋಡಬೇಕು. ಜಾಲದ ಪಟ್ಟಿಯನ್ನು ನೋಡುವವರು ಹೊರಗಿಟ್ಟ ಆಸ್ಪತ್ರೆಗಳ ಪಟ್ಟಿಯನ್ನು ನೋಡುವುದು ಅಪರೂಪ. ಆ ಪಟ್ಟಿಯಲ್ಲಿರುವ ಕಡೆ ಚಿಕಿತ್ಸೆ ಪಡೆದರೆ, ಅಪಘಾತ ಅಥವಾ ಪ್ರಾಣಾಪಾಯದ ಸಂದರ್ಭದಲ್ಲಿ ರೋಗಿಯ ಸ್ಥಿತಿ ಸುಧಾರಿಸುವವರೆಗಿನ ವೆಚ್ಚ ಮಾತ್ರ ಸಲ್ಲುತ್ತದೆ, ಉಳಿದುದು ಸಲ್ಲದು.

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ರಾಷ್ಟ್ರವ್ಯಾಪಿಯಾಗಿ ಆರಂಭವಾದ ಮೇಲೆ ವೈದ್ಯರಿಗೆ 14 ಅಂಕಿಗಳ ಸಂಖ್ಯೆಯೂ ಸಂಸ್ಥೆಗಳಿಗೆ ‘ಐಎನ್’ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯೂ ದೊರೆಯುತ್ತಿವೆ. ಇವು ಉಪಯುಕ್ತವೇ, ಆದರೆ ಮೇಲೆ ಹೇಳಿದ ಎರಡು ನೋಂದಣಿಗಳಿಗೆ ಬದಲಿಯಲ್ಲ.

ಪ್ರಮಾಣಪತ್ರದ ಬಗ್ಗೆ ಶಂಕೆ ಬಂದಾಗ

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯು ನಿಗದಿತ ವರ್ಗದ ನೌಕರರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆಯ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದೆ. ತಪಾಸಣೆಗೆ ಬರುವ ವೈದ್ಯರ ಮತ್ತು ಪ್ರಯೋಗಾಲಯದ ನೋಂದಣಿಯನ್ನು ನೋಡದೆ ಹಣ ಪಾವತಿಸಿದರೆ ಮುಂದೆ ಆ ವರದಿಗಳು ಉಪಯೋಗಕ್ಕೆ ಬಾರದೆ ಹೋಗಬಹುದು.

ರಜೆಗಾಗಿ ಕಾರ್ಮಿಕರು ತಂದ ಪ್ರಮಾಣಪತ್ರದ ವಿಷಯ ಸೂಕ್ಷ್ಮವಾದುದು. ಸಂಖ್ಯೆ ತಾಳೆಯಾಗದ ಮಾತ್ರಕ್ಕೆ ಕಾರ್ಮಿಕರು ವಂಚಿಸಿದರೆಂದು ಹೇಳಲಾಗದು. ಜ್ವರ ಬಂದಾಗ ಬಾಡಿಗೆ ಕೋಣೆಯ ಪಕ್ಕದ ‘ಡಾಕ್ಟರ’ರ ಬಳಿ ಹೋದ ಹೊರರಾಜ್ಯದ ಹುಡುಗನೇ ಅಲ್ಲಿ ವಂಚಿತನಾಗಿರಬಹುದು. ನೋಟೀಸು ನೀಡುವುದಕ್ಕೆ ಮೊದಲು ವೈದ್ಯರಿಗೆ ಪತ್ರ ಬರೆಯುವುದು ಕ್ರಮ. 2002ರ ನಿಯಮಾವಳಿಯಂತೆ ವೈದ್ಯರು ತಾವು ನೀಡಿದ ಪ್ರಮಾಣಪತ್ರಗಳ ರಿಜಿಸ್ಟರನ್ನು ಇಟ್ಟು, ಪ್ರತಿಯನ್ನು ಉಳಿಸಿಕೊಂಡು, ರೋಗಿಯ ಸಹಿ ಅಥವಾ ಹೆಬ್ಬೆರಳ ಗುರುತು, ವಿಳಾಸ ಹಾಗೂ ಕನಿಷ್ಠ ಒಂದು ಗುರುತಿನ ಚಿಹ್ನೆಯನ್ನು ನಮೂದಿಸಬೇಕು. ಆದ್ದರಿಂದ ‘ಈ ದಿನಾಂಕದ ಈ ಪ್ರಮಾಣಪತ್ರವನ್ನು ತಾವು ನೀಡಿರುವಿರಾ’ ಎಂಬಷ್ಟನ್ನೇ ಕೇಳಿದರೆ ಸಾಕು. ಕಾಯಿಲೆ ಯಾವುದೆಂದು ಕೇಳುವ ಅಗತ್ಯವೂ ಇಲ್ಲ, ಅದು ಉಚಿತವೂ ಅಲ್ಲ. ಸಂಸ್ಥೆಯೇ ನೋಂದಣಿಯಿಲ್ಲದೆ ನಡೆಯುತ್ತಿದೆಯೆಂದು ಕಂಡುಬಂದರೆ ತಾಲ್ಲೂಕು ಅಥವಾ ಜಿಲ್ಲಾ ಆರೋಗ್ಯ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬಹುದು.

ಇ.ಎಸ್.ಐ. ವ್ಯಾಪ್ತಿಯ ಕಾರ್ಮಿಕರಿಗೆ ಅನಾರೋಗ್ಯ ಭತ್ಯೆ ದೊರೆಯಲು ಇ.ಎಸ್.ಐ. ಚಿಕಿತ್ಸಾಲಯದ ಪ್ರಮಾಣಪತ್ರದ ಮಾರ್ಗವೇ ಬೇರೆ. ಅದನ್ನು ಅವರಿಗೆ ಅವರ ಭಾಷೆಯಲ್ಲಿ ತಿಳಿಹೇಳುವ ಕೆಲಸ ಸಿಬ್ಬಂದಿ ವಿಭಾಗದ್ದು.

ಘಟಕದ ಸುತ್ತಲಿನ ಐದಾರು ಕಿಲೋಮೀಟರ್ ವ್ಯಾಪ್ತಿಯಲ್ಲಿ ರಾತ್ರಿ ತೆರೆದಿರುವ ಆಸ್ಪತ್ರೆಗಳು ಬೆರಳೆಣಿಕೆಯಷ್ಟು. ಅಕ್ಕಪಕ್ಕದ ನಾಲ್ಕು ಘಟಕಗಳು ಸೇರಿದರೆ ಅವುಗಳ ಪರಿಶೀಲನೆ ಒಂದು ಮಧ್ಯಾಹ್ನದ ಕೆಲಸ. ಸಂಸ್ಥೆಯ ಹೆಸರು, ಕೆ.ಪಿ.ಎಂ.ಇ. ಸಂಖ್ಯೆ ಮತ್ತು ವರ್ಗ, ಅವಧಿ ಮುಗಿಯುವ ದಿನ, ವಿಮಾ ಜಾಲದಲ್ಲಿ ಇದೆಯೇ ಎಂಬುದು, ಪರಿಶೀಲಿಸಿದ ದಿನಾಂಕ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಭದ್ರತಾ ಸಿಬ್ಬಂದಿಯ ಕೊಠಡಿಯಲ್ಲಿಯೂ ಪಾಳಿ ಮೇಲ್ವಿಚಾರಕರ ಬಳಿಯೂ ಇರಿಸಬೇಕು. ವಿಮಾ ಪಾಲಿಸಿಯ ನವೀಕರಣದ ತಿಂಗಳಿನಲ್ಲಿ ಆ ಹಾಳೆಯನ್ನೂ ಹೊಸದಾಗಿ ಪರಿಶೀಲಿಸಿ ಬರೆಯತಕ್ಕದ್ದು.