ನಿಮಗಿದು ಗೊತ್ತೆ? ಜಿಪಿಎಸ್ ಗಡಿಯಾರವೂ ಹೌದು!

ಜಿಪಿಎಸ್ ದಾರಿಯನ್ನಷ್ಟೇ ಅಲ್ಲ, ಕರಾರುವಾಕ್ಕಾದ ಸಮಯವನ್ನೂ ತಿಳಿಸುತ್ತದೆ. ಅದರ ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರಗಳಿವೆ.

* ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ 1978ರಲ್ಲಿ ಆರಂಭವಾದ ಟ್ರಿಂಬಲ್ ಕಂಪನಿ, ಸಮಯಪಾಲನೆಗೆಂದೇ ‘ಥಂಡರ್‌ಬೋಲ್ಟ್’ ರಿಸೀವರ್ ತಯಾರಿಸಿತು. ಮೊಬೈಲ್ ಟವರ್‌ಗಳಿಂದ ಕಳಚಿದ ಹಳೆಯ ಥಂಡರ್‌ಬೋಲ್ಟ್‌ಗಳಿಗೆ ಹವ್ಯಾಸಿಗಳಲ್ಲಿ ಈಗಲೂ ಬೇಡಿಕೆಯಿದೆ.

* ಅಗ್ಗದ ರಿಸೀವರ್ ಕೊಳ್ಳುವಾಗ ‘ಪಿಪಿಎಸ್’ ಪಿನ್ ಇದೆಯೇ ನೋಡಿ. ಸೆಕೆಂಡಿಗೊಮ್ಮೆ ಅದರಿಂದ ಹೊರಡುವ ವಿದ್ಯುತ್ ಮಿಡಿತ, ಆಕಾಶ ತೆರೆದಿದ್ದರೆ, ಸಾಮಾನ್ಯವಾಗಿ ಸೆಕೆಂಡಿನ ಕೋಟಿಯಲ್ಲೊಂದು ಪಾಲಿನಷ್ಟೂ ತಪ್ಪುವುದಿಲ್ಲ.

* ಬರೀ ಯುಎಸ್‌ಬಿ ಮೂಲಕ ಬರುವ ಸಮಯದ ಸಂದೇಶ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾಗಬಹುದು.

* ಕಟ್ಟಡಗಳಿಗೆ ಬಡಿದು ಬರುವ ಸಂಕೇತ ಲೆಕ್ಕ ತಪ್ಪಿಸುತ್ತದೆ. ಆದ್ದರಿಂದ ಆಂಟೆನಾವನ್ನು ತಾರಸಿಯ ಮೇಲೆಯೇ ಇಡಿ.