ಮೊದಲು ಸಾಕೆಟ್ ನೋಡು

ಮನೆಯಲ್ಲೇ ಕಂಪ್ಯೂಟರ್ ಜೋಡಿಸಲು ಹೊರಟವರು ನನಗೆ ತೋರಿಸುವ ಪಟ್ಟಿಯಲ್ಲಿ ಪ್ರೊಸೆಸರಿನ ಹೆಸರು ಮಾದರಿ ಸಂಖ್ಯೆಯ ಸಮೇತ ಇರುತ್ತದೆ. ಮದರ್‌ಬೋರ್ಡ್ ಎಂಬಲ್ಲಿ 'ಯಾವುದಾದರೂ', ರ‍್ಯಾಮ್ ಎಂಬಲ್ಲಿ '16 ಜಿಬಿ', ಅಷ್ಟೆ. ನಾನು ಆ ಪಟ್ಟಿಯನ್ನು ಕೆಳಗಿನಿಂದ ಓದುತ್ತೇನೆ. ಪ್ರೊಸೆಸರನ್ನು ಮುಂದೊಂದು ದಿನ ತೆಗೆದು ಬೇರೆ ಕೂರಿಸಬಹುದು. ಬೋರ್ಡ್ ಬದಲಿಸಬೇಕಾದರೆ ಪೂರ್ತಿ ಯಂತ್ರವನ್ನೇ ಬಿಚ್ಚಿ ಹರವಿಕೊಳ್ಳಬೇಕು.

ಈ ಸಲ ಸೋದರಳಿಯನ ಸರದಿ. ಎಂಜಿನಿಯರಿಂಗ್ ಓದು, ಒಂದಿಷ್ಟು ವಿಡಿಯೊ ಎಡಿಟಿಂಗ್, ರಾತ್ರಿ ಹೊತ್ತು ಆಟ. ಗ್ರಾಫಿಕ್ಸ್ ಕಾರ್ಡಿಗೆ ಸದ್ಯ ದುಡ್ಡಿಲ್ಲ. ಹಾಗಾಗಿ ಗ್ರಾಫಿಕ್ಸ್ ಒಳಗೇ ಇರುವ ರೈಜನ್ 5 8600ಜಿ ಆರಿಸಿಕೊಂಡಿದ್ದ.

"ಯಾವ ಬೋರ್ಡ್ ತಗೊಳ್ಲಿ ಮಾವ?"

"ಮೊದ್ಲು ಸಾಕೆಟ್ ನೋಡೋ."

ಪ್ರೊಸೆಸರ್ ಕೂರುವ ಚೌಕವೇ ಸಾಕೆಟ್. ಬೋರ್ಡಿನ ಆಯುಸ್ಸು ನಿರ್ಧಾರವಾಗುವುದು ಅಲ್ಲೇ. ಎಎಂಡಿ 2016ರಲ್ಲಿ ತಂದ ಎಎಂ4 ಸಾಕೆಟ್‌ಗೆ 2022ರಲ್ಲೂ 5800ಎಕ್ಸ್3ಡಿಯಂಥ ಜಬರ್ದಸ್ತ್ ಪ್ರೊಸೆಸರ್ ಬಂತು. ಹಳೆಯ ಬೋರ್ಡ್ ಇದ್ದವರು ಬಯೋಸ್ ಅಪ್‌ಡೇಟ್ ಮಾಡಿ ಅದನ್ನು ಕೂರಿಸಿಕೊಂಡರು. ಅದರ ನಂತರದ್ದು ಎಎಂ5, 8600ಜಿ ಕೂರುವುದು ಇದರಲ್ಲೇ. 2027ರ ತನಕವಾದರೂ ಇದನ್ನು ಕೈಬಿಡುವುದಿಲ್ಲ ಎಂದು ಕಂಪನಿ ಹೇಳಿದೆ. ಇಂಟೆಲ್‌ಗೆ ಇಷ್ಟು ತಾಳ್ಮೆ ಇಲ್ಲ. 2021ರ ಎಲ್‌ಜಿಎ 1700 ಮೂರು ತಲೆಮಾರಿನ ಪ್ರೊಸೆಸರ್‌ಗಳನ್ನು ಹೊತ್ತಿತು, 2024ರಲ್ಲಿ 1851 ಬಂದೇಬಿಟ್ಟಿತು. ಹಾಗಂತ ಇಂಟೆಲ್ ಬೇಡವೆನ್ನುತ್ತಿಲ್ಲ. ಕೊಂಡ ಮೇಲೆ ಮುಚ್ಚಳ ತೆಗೆಯದವರಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ.

ಸಾಕೆಟ್ ಗೊತ್ತಾದರೆ ರ‍್ಯಾಮ್ ಯಾವ ಜಾತಿಯದೆಂಬುದೂ ಹೆಚ್ಚುಕಡಿಮೆ ಗೊತ್ತಾದಂತೆ. ಎಎಂ5ಗೆ ಡಿಡಿಆರ್5 ಮಾತ್ರ. ಎಲ್‌ಜಿಎ 1700ರಲ್ಲಿ ಡಿಡಿಆರ್4 ಬೋರ್ಡೂ ಸಿಗುತ್ತದೆ, ಡಿಡಿಆರ್5 ಬೋರ್ಡೂ ಸಿಗುತ್ತದೆ. ಡಬ್ಬಿ ಓದದೆ ಕೊಳ್ಳಬಾರದು. ಎರಡು ಬಗೆಯ ಸ್ಟಿಕ್ಕಿಗೂ 288 ಸಂಪರ್ಕಗಳಿದ್ದರೂ ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒಂದು ಇನ್ನೊಂದರ ಸ್ಲಾಟಿಗೆ ಕೂರುವುದಿಲ್ಲ, ಒತ್ತಿ ಕೂರಿಸಲೂ ಹೋಗಬೇಡಿ.

ಬೋರ್ಡಿನ ಮೇಲಿನ ಬಣ್ಣದ ದೀಪಕ್ಕೆ ನಾನು ಒಂದು ರೂಪಾಯಿಯನ್ನೂ ಕೊಡುವುದಿಲ್ಲ. 8600ಜಿ 65 ವಾಟ್‌ನದು. ಅದಕ್ಕೆ ಕರೆಂಟ್ ಒದಗಿಸಲು ಭಾರಿ ಬೋರ್ಡ್ ಬೇಡ. ಬಿ650 ಚಿಪ್‌ಸೆಟ್, ಎಸ್‌ಎಸ್‌ಡಿಗೆ ಎರಡು ಎಂ.2 ಸ್ಲಾಟ್, ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸ್ ಅಪ್‌ಡೇಟ್ ಮಾಡುವ ಗುಂಡಿ, ಇಷ್ಟಿದ್ದರೆ ಸಾಕು.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಅಂಗಡಿಯವರು ಎಂದಿನ ಸಲಹೆಯನ್ನೇ ಕೊಟ್ಟರು: "ಒಂದೇ 16ರ ಸ್ಟಿಕ್ ಹಾಕ್ಸಿ ಸಾರ್, ಆಮೇಲೆ ಇನ್ನೊಂದು ಹಾಕ್ಕೋಬೋದು." ಮೋಸದ ಮಾತೇನಲ್ಲ ಅದು. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ಮೆಮೊರಿ ಕಾರ್ಖಾನೆಗಳೆಲ್ಲ ಅತ್ತ ವಾಲಿವೆ. ಮೈಕ್ರಾನ್ ಕಂಪನಿ ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಷಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಬರೀ ಟೈಪಿಂಗ್, ಟ್ಯಾಲಿ, ಯೂಟ್ಯೂಬಿಗಾದರೆ ಒಂದೇ ಸ್ಟಿಕ್ ಸಾಕೆಂದು ನಾನೂ ಹೇಳುತ್ತಿದ್ದೆ.

ಆದರೆ ಈ ಹುಡುಗನಿಗೆ ಅದು ಆಗದು. ಸಾಮಾನ್ಯ ಬೋರ್ಡುಗಳಲ್ಲಿ ಪ್ರೊಸೆಸರಿನಿಂದ ಮೆಮೊರಿಗೆ ಎರಡು ಚಾನೆಲ್ ಇರುತ್ತವೆ. ಒಂದೇ ಸ್ಟಿಕ್ ಹಾಕಿದರೆ ಅರ್ಧ ದಾರಿ ಖಾಲಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದಿದ್ದರೆ ಅದಕ್ಕೆ ತನ್ನದೇ ಮೆಮೊರಿ ಇರುತ್ತಿತ್ತು, ಈ ಕೊರತೆ ಅಷ್ಟಾಗಿ ಕಾಣುತ್ತಿರಲಿಲ್ಲ. 8600ಜಿಯ ಗ್ರಾಫಿಕ್ಸ್ ಇದೇ ರ‍್ಯಾಮಿನಲ್ಲಿ ಪಾಲು ಕೇಳುತ್ತದೆ, ಅದರ ವೇಗದ ಮೇಲೇ ಓಡುತ್ತದೆ. ಆದ್ದರಿಂದ ಜೋಡಿ ಸ್ಟಿಕ್ಕೇ ಬೇಕು, ಒಂದೇ ಪ್ಯಾಕಿನಲ್ಲಿ ಬಂದದ್ದಾಗಬೇಕು. ನಾಲ್ಕು ಸ್ಲಾಟನ್ನೂ ತುಂಬಿಸುವ ಆಸೆಯೂ ಬೇಡ: ಇದೇ ಸಾಕೆಟ್ಟಿನ ರೈಜನ್ 7000 ಸರಣಿಗೆ ಎಎಂಡಿ ಕೊಡುವ ಅಧಿಕೃತ ವೇಗ ಎರಡು ಸ್ಟಿಕ್ಕಿಗೆ 5200, ನಾಲ್ಕಕ್ಕೆ 3600.

ನಾವು ಕೊಂಡ ಜೋಡಿಯ ಡಬ್ಬಿಯ ಮೇಲೆ 6000 ಎಂಬ ವೇಗದ ಪಕ್ಕದಲ್ಲಿ ಸಿಎಲ್30 ಎಂದಿತ್ತು. ಕೇಳಿದ ಮಾಹಿತಿ ಕೊಡಲು ರ‍್ಯಾಮ್ ಎಷ್ಟು ಗಡಿಯಾರದ ಬಡಿತ ಕಾಯಿಸುತ್ತದೆ ಎಂಬ ಲೆಕ್ಕ ಅದು. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡ್ ಸಿಗುತ್ತದೆ. 6000 ಸಿಎಲ್30ಕ್ಕೆ 10. ಹಳೆಯ ಡಿಡಿಆರ್4ರ 3200 ಸಿಎಲ್16ಕ್ಕೂ ಅದೇ 10! ಕಾಯುವ ಹೊತ್ತು ಕಡಿಮೆಯಾಗಿಲ್ಲ, ಒಂದೇಟಿಗೆ ಸಾಗುವ ಸರಕು ಹೆಚ್ಚಿದೆ.

ಸ್ಟಿಕ್‌ಗಳನ್ನು ಪ್ರೊಸೆಸರಿನಿಂದ ಎಣಿಸಿ ಎರಡನೆಯ, ನಾಲ್ಕನೆಯ ಸ್ಲಾಟಿಗೆ ಹಾಕಿಸಿದೆ. ಮೊದಲ ಸಲ ಚಾಲೂ ಮಾಡಿದಾಗ ಪರದೆ ಕಪ್ಪಗೇ ಇತ್ತು. ಹುಡುಗನ ಕೈ ಸ್ವಿಚ್ಚಿನತ್ತ ಹೋಯಿತು. ಬಿಡು ಎಂದೆ. ಡಿಡಿಆರ್5 ಬೋರ್ಡ್ ಹೊಸ ರ‍್ಯಾಮಿನ ಜೊತೆ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುವುದು ಸಹಜ.

ವಿಂಡೋಸ್ ಹಾಕಿ ಟಾಸ್ಕ್ ಮ್ಯಾನೇಜರ್ ತೆರೆದವನೇ ಕೂಗಿದ: "ಮಾವ, 6000 ಅಂತ ದುಡ್ಡು ತಗೊಂಡು 4800 ಕೊಟ್ಟಿದಾರೆ!"

ಯಾರೂ ಮೋಸ ಮಾಡಿರಲಿಲ್ಲ. ಡಬ್ಬಿಯ ಮೇಲಿನ ವೇಗ ತಾನಾಗಿ ಬರುವುದಿಲ್ಲ. ಬಯೋಸಿಗೆ ಹೋಗಿ ಎಕ್ಸ್‌ಪೋ ಎಂಬುದನ್ನು ಆನ್ ಮಾಡಬೇಕು, ಇಂಟೆಲ್ ಬೋರ್ಡಿನಲ್ಲಾದರೆ ಎಕ್ಸ್‌ಎಂಪಿ. ಮಾಡಿದೆವು. ಆ ರಾತ್ರಿ ಆಟ ಇಲ್ಲವೆಂದು ಅವನು ಗೊಣಗಿದರೂ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟನ್ನು ಪೆನ್‌ಡ್ರೈವಿನಿಂದ ಹಚ್ಚಿಟ್ಟು ಮಲಗಿದೆ.