ಇಸ್ಪೀಟೆಲೆಗಳಲ್ಲಿ ಗಣಕರಕ್ಷಣೆಯ ಪಾಠ

ಇಸ್ಪೀಟಾಟವೆಂದರೆ ಸೋಮಾರಿಗಳ ಕಾಲಹರಣವೆಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಆದರೆ ಗಣಕಯಂತ್ರದ ಎಂಜಿನಿಯರುಗಳು ಕೆಲಸದ ವೇಳೆಯಲ್ಲಿಯೇ ಮೇಜಿನ ಸುತ್ತ ಕುಳಿತು ಎಲೆ ಹಾಕುವುದೂ ಉಂಟು. ಅದರಿಂದ ಅವರು ಕಲಿಯುವುದೇನೆಂಬುದನ್ನು ಇಲ್ಲಿ ವಿಚಾರಿಸೋಣ.

ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ಪರೀಕ್ಷೆಯ ಅಂಕ, ಇವೆಲ್ಲವೂ ಈಗ ಗಣಕಗಳ ವಶದಲ್ಲಿವೆ. ಇಂಥ ವ್ಯವಸ್ಥೆಯನ್ನು ಕಟ್ಟುವವನ ಗಮನವೆಲ್ಲ ಅದು ಸರಿಯಾಗಿ ನಡೆಯುವುದರ ಮೇಲಿರುತ್ತದೆ; ಕೆಡಿಸಬಯಸುವವನ ದೃಷ್ಟಿ ಅವನಿಗೆ ಸುಲಭವಾಗಿ ಒದಗದು. ಕಟ್ಟಡ ಮುಗಿದ ಮೇಲೆ ತಳಪಾಯವನ್ನು ತಿದ್ದುವುದು ಕಷ್ಟವಷ್ಟೆ. ಆದುದರಿಂದ ನಕ್ಷೆಯ ಹಂತದಲ್ಲಿಯೇ ಅಪಾಯಗಳನ್ನು ಹುಡುಕುವುದು ಜಾಣತನ.

1999ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಲೋರೆನ್ ಕೋನ್‌ಫೆಲ್ಡರ್ ಮತ್ತು ಪ್ರೇರಿತ್ ಗರ್ಗ್ ಎಂಬವರು ಈ ಅಪಾಯಗಳನ್ನು ಆರು ವರ್ಗಗಳಾಗಿ ವಿಂಗಡಿಸಿದರು: ಮತ್ತೊಬ್ಬರ ಹೆಸರಿನಲ್ಲಿ ಒಳಹೊಗುವುದು, ದಾಖಲೆಯನ್ನು ತಿರುಚುವುದು, ಮಾಡಿದ್ದನ್ನು ಮಾಡಿಲ್ಲವೆನ್ನುವುದು, ಗುಟ್ಟು ಬಯಲಾಗುವುದು, ಸೇವೆಯನ್ನು ಸ್ಥಗಿತಗೊಳಿಸುವುದು, ತನಗಿಲ್ಲದ ಅಧಿಕಾರವನ್ನು ಪಡೆಯುವುದು. 2010ರಲ್ಲಿ ಅದೇ ಸಂಸ್ಥೆಯಲ್ಲಿದ್ದ ಆಡಮ್ ಶೋಸ್ಟಾಕ್ ಈ ಆರು ವರ್ಗಗಳನ್ನೇ ಇಸ್ಪೀಟಿನ ಆರು ರಂಗುಗಳನ್ನಾಗಿ ಮಾಡಿದರು. ಆಟಕ್ಕೆ ಕೊನೆಯ ವರ್ಗದ ಹೆಸರೇ ಬಂದಿತು: 'ಎಲಿವೇಶನ್ ಆಫ್ ಪ್ರಿವಿಲೇಜ್'. ಆ ರಂಗೇ ತುರುಪು.

ಆಟದ ಎಲೆಗಳು ಒಟ್ಟು 74. ಆಡುವವರು ಮೂವರಿಂದ ಆರು ಮಂದಿ. ಬಲವಿಜ್ಞಾನದಲ್ಲಿ ನಾವು ವಸ್ತುವಿನ ಚಿತ್ರ ಬರೆದು ಅದರ ಮೇಲಿನ ಬಲಗಳನ್ನು ಒಂದೊಂದಾಗಿ ಗುರುತಿಸುವಂತೆ, ಇಲ್ಲಿಯೂ ಮೊದಲು ವ್ಯವಸ್ಥೆಯ ಚಿತ್ರವನ್ನು ಹಲಗೆಯ ಮೇಲೆ ಬರೆಯಬೇಕು. ಪ್ರತಿಯೊಂದು ಎಲೆಯಲ್ಲಿಯೂ ಒಂದು ಅಪಾಯದ ಸೂಚನೆಯಿರುತ್ತದೆ. ಎಲೆ ಹಾಕುವವನು ಆ ಅಪಾಯವು ಚಿತ್ರದಲ್ಲಿ ಎಲ್ಲಿ ಸಂಭವಿಸೀತೆಂದು ವಿವರಿಸಬೇಕು. ವಿವರಿಸಿದರೆ ಒಂದು ಪಾಯಿಂಟು. ಸುತ್ತನ್ನು ಗೆದ್ದರೆ ಮತ್ತೊಂದು. ಹೇಳಿದ ಅಪಾಯವನ್ನು ಒಬ್ಬರು ಬರೆದಿಡುತ್ತಾರೆ.

ಕಾಲೇಜೊಂದರ ಅಂಕಪಟ್ಟಿಯ ವ್ಯವಸ್ಥೆಯನ್ನು ಊಹಿಸಿಕೊಳ್ಳೋಣ. ಅಧ್ಯಾಪಕರು ಅಂಕಗಳನ್ನು ತುಂಬುತ್ತಾರೆ. ಅವು ಭಂಡಾರಗಣಕವನ್ನು ಸೇರುತ್ತವೆ. ವಿದ್ಯಾರ್ಥಿಗಳು ತಮ್ಮ ಫೋನುಗಳಲ್ಲಿ ನೋಡುತ್ತಾರೆ. ತಿರುಚುವಿಕೆಯ ಎಲೆ ಬಿದ್ದಿತೆನ್ನಿ: ದಾರಿಯಲ್ಲಿ 34 ಎಂಬುದನ್ನು ಯಾರಾದರೂ 84 ಮಾಡಬಹುದೆ? ನಿರಾಕರಣೆಯ ಎಲೆ: ತಿದ್ದಿದವರು 'ನಾನಲ್ಲ' ಎಂದರೆ ಯಾರು, ಯಾವಾಗ ತಿದ್ದಿದರೆಂಬ ದಾಖಲೆಯುಂಟೆ? ತುರುಪಿನ ಎಲೆ: ವಿದ್ಯಾರ್ಥಿಯಾಗಿ ಒಳಹೊಕ್ಕವನು ಅಧ್ಯಾಪಕನ ಅಧಿಕಾರವನ್ನು ಗಳಿಸಬಲ್ಲನೆ? ಒಂದೊಂದು ಎಲೆಯೂ ಚಿತ್ರದ ಒಂದೊಂದು ಮೂಲೆಯನ್ನು ಕೆದಕುತ್ತದೆ.

ಉಪನ್ಯಾಸದಿಂದಾಗದ ಕೆಲಸ ಇದರಿಂದ ಹೇಗಾಗುತ್ತದೆ? ಸಾಧಾರಣ ಸಭೆಯಲ್ಲಿ ಹಿರಿಯರು ರಚಿಸಿದ ನಕ್ಷೆಯಲ್ಲಿ ತಪ್ಪು ಹುಡುಕಲು ಕಿರಿಯನು ಹಿಂಜರಿಯುತ್ತಾನೆ. ಇಲ್ಲಿ ಸರದಿ ಬಂದಾಗ ಅವನು ಮಾತನಾಡಲೇಬೇಕು; ತಪ್ಪು ತೋರಿಸುವುದು ಉದ್ಧಟತನವಾಗದೆ ಆಟದ ನಿಯಮವಾಗುತ್ತದೆ. ಎಲೆಯೇ ಸುಳಿವನ್ನು ಕೊಡುವುದರಿಂದ ಹೊಸಬನೂ ಬರಿಗೈಯಲ್ಲಿರುವುದಿಲ್ಲ. ಕೈಗೆ ಬಂದ ಎಲೆಯನ್ನು ಆರಿಸುವುದು ಅದೃಷ್ಟವಾದುದರಿಂದ, ತನಗೆ ಪರಿಚಿತವಾದ ಒಂದೇ ಅಪಾಯವನ್ನು ಮತ್ತೆ ಮತ್ತೆ ಹೇಳುವ ಅಭ್ಯಾಸವೂ ತಪ್ಪುತ್ತದೆ.

ಆದರೆ 74 ಎಲೆಗಳಲ್ಲಿ ಜಗತ್ತಿನ ಅಪಾಯಗಳೆಲ್ಲ ಅಡಗಿಲ್ಲ. ಅದಕ್ಕಾಗಿಯೇ ಎಕ್ಕಗಳಲ್ಲಿ ಯಾವ ಅಪಾಯವನ್ನೂ ಮುದ್ರಿಸಿಲ್ಲ. ಎಕ್ಕ ಹಾಕುವವನು ಹೊಸದೊಂದನ್ನು ತಾನೇ ಕಲ್ಪಿಸಬೇಕು. ಇನ್ನು, ಆಟ ಮುಗಿದ ಮೇಲೆ ಬರೆದಿಟ್ಟ ಪಟ್ಟಿಯನ್ನು ಕಪಾಟಿನಲ್ಲಿಟ್ಟರೆ ಗೆದ್ದವನೂ ಸೋತಂತೆಯೇ. ಪಟ್ಟಿಯ ಒಂದೊಂದು ದೋಷವನ್ನೂ ತಿದ್ದುವುದೇ ನಿಜವಾದ ಕೆಲಸ.

ವಿದ್ಯಾರ್ಥಿಗಳು ಎಲೆಗಳಿಲ್ಲದೆಯೂ ಇದನ್ನು ಪ್ರಯೋಗಿಸಬಹುದು. ನಿಮ್ಮ ಗ್ರಂಥಾಲಯವು ಪುಸ್ತಕ ಕೊಡುವ ಕ್ರಮವನ್ನು ಕಾಗದದ ಮೇಲೆ ಚಿತ್ರಿಸಿ, ಅದರ ಒಂದೊಂದು ಗೆರೆಗೂ ಆ ಆರು ಪ್ರಶ್ನೆಗಳನ್ನು ಹಾಕಿ ನೋಡಿರಿ.